ಕೂಳೆ ಜೋಳ ಮೇಯ್ದ ಎತ್ತು

ಜೋಳದ ರಾಶಿ ಮುಗಿದು, ಕಣಿಕಿ ಬಣವೆ ಸೇರಿ, ಹೊಲ ಬರಿದಾದ ಮೇಲೆ ಒಂದು ಅಡ್ಡಮಳೆ ಬಿದ್ದರೆ ಸಾಕು, ಕೊಯ್ದ ಬುಡಗಳಲ್ಲಿ ಮತ್ತೆ ಹಸಿರು ಒಡೆಯುತ್ತದೆ. ತಿಂಗಳುಗಟ್ಟಲೆ ಒಣಮೇವು ತಿಂದು ಬೇಸತ್ತ ದನ ಆ ಕೂಳೆ ಚಿಗುರಿನ ಕಡೆ ಕತ್ತು ಚಾಚುತ್ತದೆ. ಕಲಬುರಗಿ ಸೀಮೆಯ ಅನುಭವಸ್ಥ ರೈತ ಆಗ ಹಗ್ಗ ಬಿಗಿ ಹಿಡಿಯುತ್ತಾನೆ. ಮಳೆ ಕೈಕೊಟ್ಟು ಮೊಣಕಾಲೆತ್ತರದಲ್ಲೇ ಬಾಡಿ ನಿಂತ ಜೋಳಕ್ಕೂ ಅವನು ದನ ಬಿಡುವುದಿಲ್ಲ. ಅದನ್ನು ಹೊಟ್ಟೆತುಂಬ ಮೇಯ್ದ ಎತ್ತು ಕೆಲವೊಮ್ಮೆ ಅರ್ಧ ಗಂಟೆಯೂ ಕಳೆಯದೆ ಏದುಸಿರು ಬಿಡತೊಡಗುತ್ತದೆ, ನಡುಗುತ್ತದೆ, ತೂರಾಡಿ ಬೀಳುತ್ತದೆ. ಪಶುವೈದ್ಯರಿಗೆ ಸುದ್ದಿ ಮುಟ್ಟುವುದರೊಳಗೆ ಎಲ್ಲ ಮುಗಿದಿರುವುದೂ ಉಂಟು.

ಇಂಥ ದನದ ರಕ್ತ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಉಸಿರುಗಟ್ಟಿದ ಪ್ರಾಣಿಯ ರಕ್ತ ಕಪ್ಪಿಟ್ಟಿರಬೇಕು. ಇಲ್ಲಿ ಅದು ಢಾಳಾದ ಕೆಂಪು. ಎಂದರೆ ಅದರಲ್ಲಿ ಆಮ್ಲಜನಕ ಬೇಕಾದಷ್ಟಿದೆ. ಶ್ವಾಸಕೋಶ ತನ್ನ ಕೆಲಸ ಮಾಡಿದೆ, ಹೃದಯವೂ ಮಾಡಿದೆ, ರಕ್ತ ಆಮ್ಲಜನಕವನ್ನು ಪ್ರತಿ ಜೀವಕೋಶದ ಬಾಗಿಲಿಗೆ ಒಯ್ದು ಮುಟ್ಟಿಸಿದೆ. ಜೀವಕೋಶ ಮಾತ್ರ ಅದನ್ನು ಒಳಗೆ ಕರೆದುಕೊಂಡಿಲ್ಲ.

ಎಳೆ ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತುವಿದೆ. ಎಲೆ ಜಜ್ಜಿದಾಗ, ಅಥವಾ ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಿಕ್ಕಾಗ, ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಗಿಡ ಎಳೆಯದಾದಷ್ಟೂ ಧುರಿನ್ ಹೆಚ್ಚು. ಬರ ಬಿದ್ದರೆ ಹೆಚ್ಚು. ಯೂರಿಯಾ ಜಾಸ್ತಿ ಹಾಕಿದರೂ ಹೆಚ್ಚು. ಕತ್ತಲಲ್ಲಿ ಬೆಳೆಸಿದ ಮೊಳಕೆಯ ತುದಿಯಲ್ಲಿ ಅದು ಒಣತೂಕದ ಶೇಕಡ 30ರವರೆಗೂ ಇರಬಲ್ಲದು. ಹೂ ಬಿಡುವ ಹೊತ್ತಿಗೆ ಇಳಿಯುತ್ತದೆ, ಚೆನ್ನಾಗಿ ಒಣಗಿದ ಕಣಿಕಿಯಲ್ಲಿ ಭಯಪಡುವಷ್ಟು ಉಳಿಯುವುದಿಲ್ಲ, ಬಲಿತ ಕಾಳಿನಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ರೊಟ್ಟಿ ತಟ್ಟುವವರು ನಿಶ್ಚಿಂತೆಯಿಂದ ತಟ್ಟಬಹುದು. ಜೋಳವನ್ನು ಮೊಳಕೆ ಬರಿಸಿ ತಿನ್ನುವ ಹೊಸ ಆರೋಗ್ಯಪ್ರಿಯರು ಮಾತ್ರ ಆ ಮೊಳಕೆಯನ್ನು ಉಜ್ಜಿ ತೆಗೆಯುವುದು ಒಳ್ಳೆಯದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಯನೈಡ್ ಎತ್ತಿನ ಜೀವಕೋಶದಲ್ಲಿ ಹೋಗಿ ಹಿಡಿದುಕೊಳ್ಳುವುದು ಒಂದು ಪ್ರೋಟೀನಿನ ನಡುವೆ ಕೂತಿರುವ ಕಬ್ಬಿಣದ ಪರಮಾಣುವನ್ನು. ಅದೇ ಪ್ರೋಟೀನು, ಅದೇ ಕಬ್ಬಿಣ ಜೋಳದ ಜೀವಕೋಶದಲ್ಲೂ ಇದೆ. ಎತ್ತು ಸತ್ತಿತು, ವಿಷವನ್ನು ಮೈಯಲ್ಲೇ ಇಟ್ಟುಕೊಂಡ ಜೋಳ ಹೇಗೆ ಬದುಕಿತು? ಉತ್ತರ ಸಿಗಬೇಕಾದರೆ ಗಿಡ ಮತ್ತು ಪ್ರಾಣಿ ಎರಡೂ ಉಸಿರಾಡುವ ಬಗೆಯನ್ನು ಒಂದಿಷ್ಟು ಒಳಹೊಕ್ಕು ನೋಡಬೇಕು.

ಊಟದಿಂದ ಶಕ್ತಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಿಗಿಯಾಗಿ ಹೇಳುವುದಾದರೆ ಊಟದಿಂದ ಬರುವುದು ಎಲೆಕ್ಟ್ರಾನು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಯಾವುದನ್ನೇ ತಿಂದರೂ ದೇಹ ಅದನ್ನು ಒಡೆಯುತ್ತ ಒಡೆಯುತ್ತ ಎಲೆಕ್ಟ್ರಾನುಗಳನ್ನು ಕಿತ್ತು ಎನ್‌ಎಡಿಎಚ್ ಎಂಬ ಅಣುವಿನ ಹೆಗಲಿಗೇರಿಸುತ್ತದೆ. ಇತ್ತ ಉಸಿರಿನ ಜೊತೆ ಬಂದ ಆಮ್ಲಜನಕಕ್ಕೆ ಎಲೆಕ್ಟ್ರಾನೆಂದರೆ ತೀರದ ಹಸಿವು. ಇವೆರಡೂ ನೇರವಾಗಿ ಮುಖಾಮುಖಿಯಾದರೆ ಆಗುವುದು ದಹನ, ಸೌದೆ ಉರಿದಂತೆಯೇ. ಶಕ್ತಿಯೆಲ್ಲ ಬಿಸಿಯಾಗಿ ಹಾರಿಹೋಗುತ್ತದೆ. ಜೀವಕೋಶ ಅದಕ್ಕೆ ಅವಕಾಶ ಕೊಡುವುದಿಲ್ಲ. ಎಲೆಕ್ಟ್ರಾನನ್ನು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತ, ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ವಸೂಲು ಮಾಡುತ್ತ, ಕಟ್ಟಕಡೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಇದೇ ಎಲೆಕ್ಟ್ರಾನ್ ಸಾಗಣೆ ಸರಪಳಿ.

ಸರಪಳಿ ಇರುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗದ ಒಳಪೊರೆಯಲ್ಲಿ. ಅಲ್ಲಿ ನಾಲ್ಕು ದೊಡ್ಡ ಪ್ರೋಟೀನ್ ಸಮೂಹಗಳಿವೆ. ವಿಜ್ಞಾನಿಗಳು ಅವುಗಳಿಗೆ ಒಂದನೇ, ಎರಡನೇ, ಮೂರನೇ, ನಾಲ್ಕನೇ ಕಾಂಪ್ಲೆಕ್ಸ್ ಎಂದು ಸರಳವಾಗಿ ನಂಬರು ಕೊಟ್ಟುಬಿಟ್ಟಿದ್ದಾರೆ. ಎನ್‌ಎಡಿಎಚ್ ತಂದ ಎಲೆಕ್ಟ್ರಾನು ಒಂದನೆಯದಕ್ಕೆ ಇಳಿಯುತ್ತದೆ. ಆಹಾರದ ಇನ್ನೊಂದಿಷ್ಟು ಎಲೆಕ್ಟ್ರಾನು ಎರಡನೆಯದರ ಮೂಲಕ ಬರುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ಯುವುದು ಪೊರೆಯ ಕೊಬ್ಬಿನೊಳಗೆ ಓಡಾಡುವ ಯುಬಿಕ್ವಿನೋನ್. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದನದ ಹೃದಯದ ಮೈಟೊಕಾಂಡ್ರಿಯದಿಂದ ಫ್ರೆಡ್ ಕ್ರೇನ್ ಇದನ್ನು ಬೇರ್ಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಸರ್ಮ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಔಷಧದ ಅಂಗಡಿಯಲ್ಲಿ ಕೋಕ್ಯೂ-10 ಎಂದು ದುಬಾರಿ ಗುಳಿಗೆಯಾಗಿ ಮಾರುವುದೂ ಇದನ್ನೇ. ಆರೋಗ್ಯವಂತ ದೇಹ ಅದನ್ನು ಪುಕ್ಕಟೆ ತಯಾರಿಸಿಕೊಳ್ಳುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ. ಯುಬಿಕ್ವಿನೋನ್ ಒಯ್ದದ್ದನ್ನು ಮೂರನೇ ಕಾಂಪ್ಲೆಕ್ಸ್ ಪಡೆದು ಸೈಟೋಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನಿಗೆ ಕೊಡುತ್ತದೆ. ಅದು ನಾಲ್ಕನೆಯದಕ್ಕೆ. ನಾಲ್ಕನೆಯದು ನಾಲ್ಕು ಎಲೆಕ್ಟ್ರಾನು ಕೂಡಿಸಿ ಒಂದು ಆಮ್ಲಜನಕದ ಅಣುವಿಗೆ ಕೊಟ್ಟು ಎರಡು ಅಣು ನೀರು ಮಾಡುತ್ತದೆ. ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಖರ್ಚಾಗುವುದು ಇದೊಂದು ಜಾಗದಲ್ಲಿ. ಜೋಳದ ಸಯನೈಡ್ ಹೋಗಿ ಕಚ್ಚಿಕೊಳ್ಳುವ ಕಬ್ಬಿಣವೂ ಇಲ್ಲಿಯದೇ.

ವಸೂಲು ಮಾಡಿದ ಶಕ್ತಿ ಎಲ್ಲಿ ಜಮೆಯಾಗುತ್ತದೆ ಎಂಬುದು ಬಹಳ ಕಾಲ ಯಾರಿಗೂ ಬಗೆಹರಿಯಲಿಲ್ಲ. ದೊಡ್ಡ ದೊಡ್ಡ ಪ್ರಯೋಗಾಲಯಗಳು ಅದಕ್ಕಾಗಿ ಒಂದು ರಾಸಾಯನಿಕ ಮಧ್ಯವರ್ತಿಯನ್ನು ಹುಡುಕುತ್ತಲೇ ಇದ್ದವು. 1961ರಲ್ಲಿ ಪೀಟರ್ ಮಿಚೆಲ್ ಎಂಬ ಇಂಗ್ಲಿಷ್ ವಿಜ್ಞಾನಿ, ಅಂಥ ವಸ್ತುವೇ ಇಲ್ಲ, ಅದಕ್ಕೇ ಸಿಗುತ್ತಿಲ್ಲ ಎಂದುಬಿಟ್ಟರು. ಅವರ ಪ್ರಕಾರ ಎಲೆಕ್ಟ್ರಾನು ಸಾಗುವಾಗ ಕಾಂಪ್ಲೆಕ್ಸುಗಳು ಪ್ರೋಟಾನುಗಳನ್ನು ಪೊರೆಯ ಒಂದು ಮಗ್ಗುಲಿಂದ ಇನ್ನೊಂದಕ್ಕೆ ತಳ್ಳುತ್ತವೆ. ಹಾಗೆ ಕೂಡಿಬಿದ್ದ ಪ್ರೋಟಾನುಗಳ ಒತ್ತಡವೇ ಜಮೆ. ನಂಬಿದವರು ಕಡಿಮೆ. ಮಿಚೆಲ್ ವಿಶ್ವವಿದ್ಯಾಲಯ ಬಿಟ್ಟು ಕಾರ್ನ್‌ವಾಲ್‌ನ ಹಳ್ಳಿಗಾಡಿನಲ್ಲಿ ಪಾಳುಬಿದ್ದ ಮನೆಯೊಂದನ್ನು ರಿಪೇರಿ ಮಾಡಿಸಿ, ಅಲ್ಲೇ ಸಣ್ಣ ಪ್ರಯೋಗಾಲಯ ಹೂಡಿದರು. 1966ರಲ್ಲಿ ಆಂಡ್ರೆ ಯಾಗೆಂಡಾರ್ಫ್ ಪಾಲಕ್ ಸೊಪ್ಪಿನಲ್ಲಿ ಬೆಳಕು ಹಿಡಿಯುವ ಕ್ಲೋರೋಪ್ಲಾಸ್ಟುಗಳನ್ನು ಹುಳಿ ದ್ರಾವಣದಲ್ಲಿ ನೆನೆಸಿ, ಕತ್ತಲಲ್ಲೇ ಇದ್ದಕ್ಕಿದ್ದಂತೆ ಕ್ಷಾರಕ್ಕೆ ಬದಲಾಯಿಸಿದರು. ಬೆಳಕಿಲ್ಲ, ಎಲೆಕ್ಟ್ರಾನು ಸಾಗುತ್ತಿಲ್ಲ, ಆದರೂ ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಎಟಿಪಿ ಎಂಬ ಅಣು ಹುಟ್ಟಿತು. ಪ್ರೋಟಾನಿನ ಏರುಪೇರು ಒಂದೇ ಸಾಕಾಗಿತ್ತು. 1978ರ ನೊಬೆಲ್ ಮಿಚೆಲ್‌ಗೆ ಹೋಯಿತು.

ಒಂದು ಎನ್‌ಎಡಿಎಚ್ ತಂದ ಎರಡು ಎಲೆಕ್ಟ್ರಾನು ಕೊನೆ ಮುಟ್ಟುವುದರೊಳಗೆ ಹತ್ತು ಪ್ರೋಟಾನು ಪೊರೆಯಾಚೆ ಹೋಗಿರುತ್ತವೆ. ಪೊರೆಯ ಎರಡು ಮಗ್ಗುಲ ನಡುವೆ ಸುಮಾರು 150 ಮಿಲಿವೋಲ್ಟ್ ಏರ್ಪಡುತ್ತದೆ. ಕೇಳಲು ಸಣ್ಣದು. ಆದರೆ ಪೊರೆಯ ದಪ್ಪ ಐದಾರು ನ್ಯಾನೊಮೀಟರು ಮಾತ್ರ. ಮೀಟರಿನ ಲೆಕ್ಕಕ್ಕೆ ತಂದರೆ ಅದು ಮೂರು ಕೋಟಿ ವೋಲ್ಟಿನ ಹತ್ತಿರ ನಿಲ್ಲುತ್ತದೆ. ಇಷ್ಟು ಒತ್ತಡದಲ್ಲಿ ಪ್ರೋಟಾನು ಹಿಂದಿರುಗಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್. ಅದನ್ನು ಕಲ್ಪಿಸಿಕೊಳ್ಳಲು ಹಳೆಯ ಮನೆಗಳ ಬೀಸುಕಲ್ಲು ಸಾಕು: ಒಂದು ಭಾಗ ಕದಲದೆ ಕೂತಿದೆ, ಇನ್ನೊಂದು ಅದಕ್ಕೆ ಎದುರಾಗಿ ತಿರುಗುತ್ತದೆ. ಇಲ್ಲಿ ತಿರುಗಿಸುವ ಕೈ ಪ್ರೋಟಾನಿನದು, ಹೊರಬೀಳುವುದು ಎಟಿಪಿ, ಸುತ್ತಿಗೆ ಮೂರರಂತೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು. 1997ರಲ್ಲಿ ಜಪಾನಿನ ಸಂಶೋಧಕರು ಇದರ ತಿರುಗುವ ಭಾಗಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಗರಗರ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ಅದೇ ವರ್ಷ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಈ ಯಂತ್ರದ ಮರ್ಮ ಬಿಡಿಸಿದ್ದಕ್ಕೆ ನೊಬೆಲ್ ಪಡೆದರು. ಮನುಷ್ಯನ ಮೈಯಲ್ಲಿ ಯಾವ ಕ್ಷಣದಲ್ಲಾದರೂ ಇರುವ ಎಟಿಪಿ ನೂರಿನ್ನೂರು ಗ್ರಾಂ ಮೀರುವುದಿಲ್ಲ. ಅದೇ ಮತ್ತೆ ಮತ್ತೆ ಖರ್ಚಾಗಿ, ಮತ್ತೆ ಮತ್ತೆ ಕಟ್ಟಿಕೊಂಡು, ದಿನದ ಒಟ್ಟು ಲೆಕ್ಕ ಅವನ ಮೈತೂಕದ ಆಸುಪಾಸಿಗೆ ಬರುತ್ತದೆ. ದನಕ್ಕೆ ಉಸಿರು ನಿಂತ ಕೂಡಲೇ ಕಾಲು ಕುಸಿಯುವುದೇಕೆ ಎಂಬುದು ಈಗ ತಿಳಿದೀತು: ಗೋದಾಮಿನಲ್ಲಿ ದಾಸ್ತಾನು ಎಂಬುದೇ ಇಲ್ಲ.

ಗಿಡಕ್ಕೂ ಪ್ರಾಣಿಗೂ ಒಂದೇ ಸರಪಳಿ ಎಂಬುದನ್ನು ಮೊದಲು ಕಂಡವರು ಕೇಂಬ್ರಿಜ್‌ನ ಡೇವಿಡ್ ಕೈಲಿನ್. ಕುದುರೆಯ ಹೊಟ್ಟೆಯಲ್ಲಿ ಮರಿಯಾಗಿ ಬೆಳೆಯುವ ಒಂದು ಜಾತಿಯ ನೊಣದ ಬೆನ್ನು ಹತ್ತಿದ್ದ ಅವರು, ಅದರ ರೆಕ್ಕೆಯ ಸ್ನಾಯುವಿನ ಮೂಲಕ ಬಂದ ಬೆಳಕನ್ನು ವರ್ಣದರ್ಶಕದಲ್ಲಿ ನೋಡಿದಾಗ ನಾಲ್ಕು ಕಪ್ಪು ಗೆರೆ ಕಂಡವು. ಯೀಸ್ಟ್‌ನಲ್ಲೂ ಅವೇ ಗೆರೆ. ಯೀಸ್ಟ್ ಇದ್ದ ನಳಿಕೆಯನ್ನು ಗಾಳಿಯೊಡನೆ ಕುಲುಕಿದರೆ ಗೆರೆ ಮಾಯ, ಸುಮ್ಮನಿಟ್ಟರೆ ಕೆಲವೇ ಕ್ಷಣದಲ್ಲಿ ಮತ್ತೆ ಪ್ರತ್ಯಕ್ಷ. ಉಸಿರಾಟ ನಡೆಯುವುದನ್ನು ಕಣ್ಣಿಂದ ನೋಡಿದ ಮೊದಲ ಮನುಷ್ಯ ಅವರೇ ಎನ್ನಬೇಕು. 1925ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲೇ ಪ್ರಾಣಿ, ಯೀಸ್ಟ್ ಮತ್ತು ಮೇಲ್ದರ್ಜೆಯ ಸಸ್ಯ ಮೂರೂ ಒಟ್ಟಿಗೆ ಇವೆ. ಆ ಗೆರೆ ಎಳೆಯುತ್ತಿದ್ದದ್ದು ಸೈಟೋಕ್ರೋಮುಗಳ ಕಬ್ಬಿಣ.

ಶಾಲೆಯಲ್ಲಿ ಕಲಿತು ಬಂದ ಒಂದು ತಪ್ಪು ತಿಳಿವಳಿಕೆ ಇಲ್ಲಿ ಕಾಲಿಗೆ ತೊಡಕುತ್ತದೆ. ಪ್ರಾಣಿ ಉಸಿರಾಡುತ್ತದೆ, ಗಿಡ ಆಹಾರ ತಯಾರಿಸುತ್ತದೆ ಎಂದು ಅರ್ಧರ್ಧ ಹಂಚಿ ಹೇಳಿಬಿಡುವುದುಂಟು. ಗಿಡ ಎರಡೂ ಮಾಡುತ್ತದೆ. ಅದರ ಬೇರು, ಕಾಂಡ, ಹಣ್ಣು, ರಾತ್ರಿ ಹೊತ್ತಿನ ಎಲೆ ಎಲ್ಲವೂ ನಮ್ಮ ಹಾಗೆಯೇ ಮೈಟೊಕಾಂಡ್ರಿಯ ನಡೆಸಿ ಬದುಕುತ್ತವೆ. ಅದರ ಮೇಲೆ ಎಲೆಯಲ್ಲಿ ಇನ್ನೊಂದು ಸರಪಳಿ ಇದೆ, ಅದು ಉಲ್ಟಾ ದಿಕ್ಕಿನದು.

ಅದನ್ನು ನೋಡಲು ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿಯಬೇಕು. ಸುಮಾರು 35 ಕಿ.ಮೀ. ಸಾಗಿದರೆ ಕಮಲಾಪುರ. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿಗೆ ಹೆಸರು ತಂದದ್ದು ಕೆಂಪು ಬಾಳೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ತಳಿ, ಬೆಲೆಯಿಂದಾಗಿ ಸಿರಿವಂತರ ಹಣ್ಣೆಂಬ ಬಿರುದು. ಸಾಮಾನ್ಯ ಬಾಳೆಗಿಂತ ತಿಂಗಳುಗಟ್ಟಲೆ ಹೆಚ್ಚು ಕಾಲ ಇದು ತೋಟದಲ್ಲಿ ನಿಲ್ಲುತ್ತದೆ. ಅಷ್ಟೂ ಕಾಲ ಅದರ ಅಗಲ ಎಲೆಗಳು ಮಾಡುವ ಕೆಲಸ ಒಂದೇ: ನೀರಿನಿಂದ ಎಲೆಕ್ಟ್ರಾನು ಕೀಳುವುದು.

ನೀರು ಸುಲಭಕ್ಕೆ ಎಲೆಕ್ಟ್ರಾನು ಬಿಟ್ಟುಕೊಡುವ ವಸ್ತುವಲ್ಲ. ಎಲೆಯ ಕ್ಲೋರೋಪ್ಲಾಸ್ಟಿನ ಪೊರೆಯಲ್ಲಿರುವ ಎರಡನೇ ಫೋಟೊಸಿಸ್ಟಮ್ ಎಂಬ ಪ್ರೋಟೀನ್ ಸಮೂಹ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುವಿನ ಗೊಂಚಲು ಕಟ್ಟಿಕೊಂಡು, ಬಿಸಿಲಿನ ಬಲದಿಂದ ಅದನ್ನು ಸಾಧಿಸುತ್ತದೆ. ಎರಡು ನೀರಿನ ಅಣು ಒಡೆದರೆ ನಾಲ್ಕು ಎಲೆಕ್ಟ್ರಾನು, ನಾಲ್ಕು ಪ್ರೋಟಾನು, ಒಂದು ಆಮ್ಲಜನಕ. ನಮಗೆ ಪ್ರಾಣವಾದ ಆಮ್ಲಜನಕ ಎಲೆಗೆ ಕಸ, ಹೊರಗೆ ಚೆಲ್ಲುತ್ತದೆ. ಎಲೆಕ್ಟ್ರಾನು ಪ್ಲಾಸ್ಟೊಕ್ವಿನೋನ್ ಏರಿ, ಸೈಟೋಕ್ರೋಮುಗಳನ್ನು ಹಾಯ್ದು, ತಾಮ್ರವಿರುವ ಪ್ಲಾಸ್ಟೊಸಯನಿನ್ ಮೂಲಕ ಒಂದನೇ ಫೋಟೊಸಿಸ್ಟಮ್ಮಿಗೆ ಬರುತ್ತದೆ. ಅಲ್ಲಿ ಮತ್ತೊಮ್ಮೆ ಬೆಳಕಿನ ಏಟು ತಿಂದು ಮೇಲಕ್ಕೇರಿ, ಕಡೆಗೆ ಎನ್‌ಎಡಿಪಿಎಚ್ ಸೇರುತ್ತದೆ. ಸಕ್ಕರೆ ಕಟ್ಟಲು ಬೇಕಾದ ಎಲೆಕ್ಟ್ರಾನು ಅದು. ದಾರಿಯಲ್ಲಿ ಇಲ್ಲೂ ಪ್ರೋಟಾನು ಜಮೆ, ಇಲ್ಲೂ ತಿರುಗುವ ಎಟಿಪಿ ಸಿಂಥೇಸ್. ಯುಬಿಕ್ವಿನೋನಿಗೂ ಪ್ಲಾಸ್ಟೊಕ್ವಿನೋನಿಗೂ ಇರುವುದು ದಾಯಾದಿ ಸಂಬಂಧ. ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ: ಪ್ರಾಣಿಯ ಸಿಂಥೇಸ್ ಒಂದು ಸುತ್ತು ತಿರುಗಲು ಎಂಟು ಪ್ರೋಟಾನು ಸಾಕು, ಪಾಲಕ್ ಎಲೆಯದಕ್ಕೆ ಹದಿನಾಲ್ಕು ಬೇಕು.

ಕಲಬುರಗಿಯ ಮೇ ತಿಂಗಳ ಬಿಸಿಲು 43, 44 ಡಿಗ್ರಿ ಮುಟ್ಟಿದಾಗ ಈ ಸರಪಳಿಗೆ ಸಂಕಟ. ನೀರು ಉಳಿಸಲು ಎಲೆ ತನ್ನ ರಂಧ್ರ ಮುಚ್ಚುತ್ತದೆ, ಇಂಗಾಲದ ಡೈಆಕ್ಸೈಡ್ ಒಳಬರುವುದಿಲ್ಲ, ಎಲೆಕ್ಟ್ರಾನು ಸಕ್ಕರೆಯಾಗಲು ದಾರಿಯಿಲ್ಲ. ಬೆಳಕು ಮಾತ್ರ ಬಡಿಯುತ್ತಲೇ ಇರುತ್ತದೆ. ಹೋಗಲು ಎಡೆ ಸಿಗದ ಶಕ್ತಿ ಎರಡನೇ ಫೋಟೊಸಿಸ್ಟಮ್ಮಿನ ಡಿ-1 ಎಂಬ ಪ್ರೋಟೀನನ್ನೇ ಸುಡುತ್ತದೆ. ಎಲೆ ಅದನ್ನು ಕಿತ್ತು ಹೊಸದನ್ನು ಹಾಕುತ್ತಲೇ ಇರಬೇಕು. ಮಧ್ಯಾಹ್ನದ ಹೊತ್ತು ಬಾಳೆಯ ಎಲೆ ನಡುದಿಂಡಿನ ಎರಡೂ ಕಡೆ ಕೆಳಕ್ಕೆ ಮಡಚಿಕೊಂಡು ನಿಲ್ಲುವುದನ್ನು ತೋಟದವರೆಲ್ಲ ನೋಡಿದ್ದಾರೆ. ಬೀಳುವ ಬೆಳಕನ್ನೇ ಕಡಿಮೆ ಮಾಡಿಕೊಳ್ಳುವ ಉಪಾಯವದು.

ಸರಪಳಿಯ ಹಲವು ಕೊಂಡಿಗಳಲ್ಲಿ ಕಬ್ಬಿಣವಿರುವುದರಿಂದ ಈ ಜಿಲ್ಲೆಯ ರೈತರಿಗೆ ಇನ್ನೊಂದು ತಾಪತ್ರಯ. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆಗಳು ನರ ಮಾತ್ರ ಹಸಿರಾಗಿ, ನಡುವೆಲ್ಲ ಹಳದಿಗಟ್ಟುತ್ತವೆ. ಒಂದನೇ ಫೋಟೊಸಿಸ್ಟಮ್ ಒಂದಕ್ಕೇ ಹನ್ನೆರಡು ಕಬ್ಬಿಣದ ಪರಮಾಣು ಬೇಕು. ಕೃಷಿ ಕೇಂದ್ರದವರು ಅನ್ನಭೇದಿ ಸಿಂಪಡಿಸಿ ಎನ್ನುವುದು ಇದೇ ಕೊರತೆ ತುಂಬಲು.

ಇನ್ನು ಜೋಳ ಬದುಕಿದ್ದು ಹೇಗೆ ಎಂಬ ಮಾತಿಗೆ ಬರೋಣ. ಮೊದಲನೆಯ ಕಾರಣ ಅದರ ಅಚ್ಚುಕಟ್ಟು. ಧುರಿನ್ ಇರುವುದು ಎಲೆಯ ಹೊರಪದರದ ಕೋಶಗಳಲ್ಲಿ, ಅದನ್ನು ಒಡೆಯುವ ಕಿಣ್ವ ಇರುವುದು ಒಳಪದರದ ಕೋಶಗಳಲ್ಲಿ. ಹಲ್ಲಿಗೆ ಸಿಕ್ಕಿ ಎಲೆ ಜಜ್ಜಿಹೋಗುವವರೆಗೆ ಎರಡೂ ಸೇರುವುದಿಲ್ಲ. ಎರಡನೆಯ ಕಾರಣ, ಗಿಡದ ಮೈಟೊಕಾಂಡ್ರಿಯದಲ್ಲಿ ಎತ್ತಿಗೂ ಮನುಷ್ಯನಿಗೂ ಇಲ್ಲದ ಒಂದು ಅಡ್ಡದಾರಿ ಇದೆ.

ಸಯನೈಡ್ ಕೊಟ್ಟರೂ ಕೆಲವು ಸಸಿಗಳ ಉಸಿರಾಟ ನಿಲ್ಲುವುದಿಲ್ಲ ಎಂಬುದನ್ನು 1929ರಲ್ಲೇ ಫ್ರಾನ್ಸಿನ ವಿಜ್ಞಾನಿ ಜೆನೆವ್ವಾ ಗಮನಿಸಿದ್ದರು. ಕಾರಣ ತಿಳಿಯಲು ದಶಕಗಳು ಹಿಡಿದವು. ಆಲ್ಟರ್ನೇಟಿವ್ ಆಕ್ಸಿಡೇಸ್ ಎಂಬ ಪ್ರೋಟೀನು ಯುಬಿಕ್ವಿನೋನಿನಿಂದ ಎಲೆಕ್ಟ್ರಾನನ್ನು ನೇರವಾಗಿ ಆಮ್ಲಜನಕಕ್ಕೆ ದಾಟಿಸುತ್ತದೆ. ಮೂರನೇ, ನಾಲ್ಕನೇ ಕಾಂಪ್ಲೆಕ್ಸುಗಳ ಗೊಡವೆಯೇ ಇಲ್ಲ. ನಾಲ್ಕನೆಯದನ್ನು ಸಯನೈಡ್ ಹಿಡಿದು ಕೂತಿದ್ದರೂ ಗಿಡದ ಸರಪಳಿ ಕಟ್ಟಿಕೊಳ್ಳುವುದಿಲ್ಲ, ಕುಂಟುತ್ತಲಾದರೂ ನಡೆಯುತ್ತದೆ. ಕುಂಟುತ್ತ ಏಕೆಂದರೆ ಈ ದಾರಿಯಲ್ಲಿ ಪ್ರೋಟಾನು ದೂಡುವ ಕೆಲಸವಿಲ್ಲ. ಆ ಪಾಲಿನ ಶಕ್ತಿ ಬಿಸಿಯಾಗಿ ಹೋಗುತ್ತದೆ. ಕೆಲವು ಹೂಗಳು ಈ ನಷ್ಟವನ್ನೇ ಲಾಭ ಮಾಡಿಕೊಂಡಿವೆ. ಹೊರಗಿನ ಗಾಳಿ 10 ಡಿಗ್ರಿಗೆ ಇಳಿದರೂ ತಾವರೆಯ ಹೂ ತನ್ನೊಳಗೆ 30 ಡಿಗ್ರಿಗಿಂತ ಮೇಲೆ ಬೆಚ್ಚಗಿರುತ್ತದೆ, ದುಂಬಿಗಳು ಅಲ್ಲೇ ರಾತ್ರಿ ತಂಗುತ್ತವೆ. ಪ್ರಾಣಿಗಳಲ್ಲೂ ಸರಪಳಿಯಿಂದ ಬಿಸಿ ತೆಗೆಯುವ ವಿದ್ಯೆ ಇದೆ, ದಾರಿ ಬೇರೆ: ಹಸುಗೂಸಿನ ಬೆನ್ನಿನ ಕಂದುಕೊಬ್ಬಿನಲ್ಲಿ ಪ್ರೋಟಾನು ಸಿಂಥೇಸ್ ತಿರುಗಿಸದೆ ಹಾಗೇ ಸೋರಿ ಮೈ ಬೆಚ್ಚಗಿಡುತ್ತದೆ.

ಈ ಅಡ್ಡದಾರಿಯ ಉಪಯೋಗ ಜೋಳಕ್ಕೆ ಮಾತ್ರ ಸೀಮಿತವಲ್ಲ. ಬಾಳೆ ಹಣ್ಣಾಗುವಾಗ ಎಥಿಲೀನ್ ಅನಿಲ ಹುಟ್ಟುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತು. ಅದು ಹುಟ್ಟುವ ರಾಸಾಯನಿಕ ಕ್ರಿಯೆಯಲ್ಲಿ ಪ್ರತಿ ಎಥಿಲೀನ್ ಅಣುವಿನ ಜೊತೆ ಒಂದು ಸಯನೈಡ್ ಅಣುವೂ ಹುಟ್ಟುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೆದರಬೇಕಿಲ್ಲ. ಹಣ್ಣು ಅದನ್ನು ಹುಟ್ಟಿದಲ್ಲೇ ಹಿಡಿದು ಆಸ್ಪರಜಿನ್ ಎಂಬ ನಿರಪಾಯಕಾರಿ ಅಮೈನೊ ಆಮ್ಲದ ಕಡೆಗೆ ತಿರುಗಿಸಿಬಿಡುತ್ತದೆ. ಪ್ರಮಾಣವೂ ತೀರಾ ಅಲ್ಪ. ಆದರೂ ತನ್ನದೇ ಮೈಟೊಕಾಂಡ್ರಿಯದ ಬಳಿ ಇಂಥ ವಸ್ತು ಹುಟ್ಟಿಸುವ ಜೀವಿಗೆ ಸಯನೈಡಿಗೆ ಜಗ್ಗದ ಒಂದು ದಾರಿ ಇರುವುದು ಅನುಕೂಲವೇ. ಮಾವಿನಹಣ್ಣು ಮಾಗುವಾಗ ಈ ಆಕ್ಸಿಡೇಸ್ ಏರುವುದನ್ನು ಸಂಶೋಧಕರು ಅಳೆದಿದ್ದಾರೆ.

ಗೊನೆ ಕಡಿದ ಮೇಲೂ ಬಾಳೆ ಉಸಿರಾಡುತ್ತದೆ. ಕೆಲವು ದಿನ ನಿಧಾನ. ಎಥಿಲೀನ್ ತಾಕಿದ ಮೇಲೆ ಉಸಿರಾಟ ಹಲವು ಪಟ್ಟು ಏರುತ್ತದೆ, ಕಾಯಿಯಲ್ಲಿ ಶೇಕಡ 20ರಷ್ಟಿದ್ದ ಪಿಷ್ಟ ಒಂದೆರಡಕ್ಕೆ ಇಳಿದು ಸಕ್ಕರೆಯಾಗುತ್ತದೆ, ರಾಶಿ ಬಿಸಿಯೇರುತ್ತದೆ. ಹಣ್ಣು ಮಾಗಿಸುವ ಕೋಣೆಯಲ್ಲಿ ತಂಪು ಮಾಡುವ ಯಂತ್ರ, ಇಂಗಾಲದ ಡೈಆಕ್ಸೈಡ್ ಹೊರಹಾಕುವ ಫ್ಯಾನು ಇಡುವುದು ಈ ಸಾಮೂಹಿಕ ಉಸಿರಾಟದ ದೆಸೆಯಿಂದ. 13 ಡಿಗ್ರಿಗಿಂತ ಕೆಳಕ್ಕಿಳಿಸಿದರೆ ಪೊರೆಗಳೇ ಹಾಳಾಗಿ ಸಿಪ್ಪೆ ಕಪ್ಪಾಗುತ್ತದೆ. ಕಮಲಾಪುರದ ಬಾಳೆ ತಂದು ಫ್ರಿಜ್‌ನಲ್ಲಿಟ್ಟು ಕೊರಗುವವರು ಇದನ್ನು ನೆನಪಿಡಬೇಕು. ಸುಣ್ಣದಕಲ್ಲಿನ ಹಾಗೆ ಕಾಣುವ ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಅದರಿಂದ ಬರುವ ಅಸಿಟಿಲೀನ್ ಎಥಿಲೀನಿನ ವೇಷ ಹಾಕುತ್ತದೆ, ಕಾರ್ಬೈಡ್ ತನ್ನ ಜೊತೆಗೆ ಆರ್ಸೆನಿಕ್‌ನ ಅಂಶವನ್ನೂ ತರುತ್ತದೆ. 2016ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ 100 ಪಿಪಿಎಂವರೆಗೆ ಎಥಿಲೀನ್ ಅನಿಲವನ್ನೇ ಬಳಸಲು ಒಪ್ಪಿದೆ.

ಎತ್ತಿಗೆ ಅಡ್ಡದಾರಿ ಇಲ್ಲ. ಪಶುವೈದ್ಯರು ಸಕಾಲಕ್ಕೆ ಬಂದರೆ ಎರಡು ಔಷಧ ರಕ್ತನಾಳಕ್ಕೆ ಕೊಡುತ್ತಾರೆ. ಸೋಡಿಯಂ ನೈಟ್ರೈಟ್ ರಕ್ತದ ಒಂದಿಷ್ಟು ಹಿಮೊಗ್ಲೋಬಿನ್ನಿನ ಕಬ್ಬಿಣವನ್ನು ಬದಲಾಯಿಸಿ ಸಯನೈಡಿಗೆ ಇಷ್ಟವಾಗುವಂತೆ ಮಾಡುತ್ತದೆ. ಸಯನೈಡ್ ಮೈಟೊಕಾಂಡ್ರಿಯ ಬಿಟ್ಟು ಅದರ ಕಡೆ ಬರುತ್ತದೆ. ಎರಡನೆಯದು ಸೋಡಿಯಂ ಥಯೊಸಲ್ಫೇಟ್, ಹಿಂದೆ ಫೋಟೊ ಸ್ಟುಡಿಯೋಗಳಲ್ಲಿ ಹೈಪೋ ಎಂದು ಬಳಸುತ್ತಿದ್ದದ್ದೇ. ಅದು ಕೊಟ್ಟ ಗಂಧಕ ಹಿಡಿದು ಪಿತ್ತಜನಕಾಂಗದ ಕಿಣ್ವವೊಂದು ಸಯನೈಡನ್ನು ಥಯೊಸಯನೇಟ್ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಸತ್ತೇಹೋಯಿತೆಂದುಕೊಂಡ ದನ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತ ಪ್ರಸಂಗಗಳಿವೆ.

ಜೋಳ ಈ ಸರಪಳಿಯನ್ನು ಬಲ್ಲಷ್ಟು ಬೇರೆ ಯಾವ ಬೆಳೆಯಾದರೂ ಬಲ್ಲದೋ ಇಲ್ಲವೋ. ಅದರ ಬೇರುಗೂದಲಿನಿಂದ ಎಣ್ಣೆಯಂಥ ಹಳದಿ ಹನಿ ಒಸರುತ್ತದೆ. ಅದರಲ್ಲಿರುವ ಸಾರ್ಗೋಲಿಯೋನ್ ಪ್ಲಾಸ್ಟೊಕ್ವಿನೋನನ್ನೇ ಹೋಲುತ್ತದೆ. ಅಕ್ಕಪಕ್ಕದ ಕಳೆಗಿಡದೊಳಗೆ ಹೊಕ್ಕು ಡಿ-1 ಪ್ರೋಟೀನಿನಲ್ಲಿ ಪ್ಲಾಸ್ಟೊಕ್ವಿನೋನ್ ಕೂರಬೇಕಾದ ಜಾಗ ಹಿಡಿದು ಎಲೆಕ್ಟ್ರಾನನ್ನು ತಡೆಯುತ್ತದೆ, ಮೈಟೊಕಾಂಡ್ರಿಯದ ಸರಪಳಿಯನ್ನೂ ಕೆಣಕುತ್ತದೆ. ಮನುಷ್ಯ ಅಟ್ರಜಿನ್ ಎಂಬ ಕಳೆನಾಶಕ ಮಾಡಿದಾಗ ಅದೂ ಹೋಗಿ ಕೂತದ್ದು ಅದೇ ಜಾಗದಲ್ಲಿ. ಜೋಳ, ಗೋವಿನಜೋಳ, ಕಬ್ಬಿನ ಗದ್ದೆಗಳಲ್ಲಿ ಅದನ್ನು ಸಿಂಪಡಿಸಿದರೂ ಬೆಳೆ ಸಾಯುವುದಿಲ್ಲ, ಏಕೆಂದರೆ ಅವು ಅದನ್ನು ಬೇಗ ಜೀರ್ಣಿಸಿಕೊಳ್ಳುತ್ತವೆ. ಕಳೆಗಳೂ ಕಡಿಮೆಯೇನಲ್ಲ. 1970ರ ಹೊತ್ತಿಗೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಈ ಗುಂಪಿನ ಔಷಧಕ್ಕೆ ಬಗ್ಗದ ಕಳೆ ಕಾಣಿಸಿಕೊಂಡಿತ್ತು. ಇಂಥ ಕಳೆಗಳನ್ನು ಆಮೇಲೆ ಪರೀಕ್ಷಿಸಿದಾಗ ಡಿ-1ರ 264ನೇ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದು ಗೊತ್ತಾಯಿತು.

ಕಲಬುರಗಿಯ ಮಾತು ತೊಗರಿ ಬಿಟ್ಟು ಮುಗಿಯುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಇಲ್ಲಿನ ತೊಗರಿ ಬೇಳೆಗೂ ಈ ಸರಪಳಿಗೂ ನಂಟಿದೆ. ತೊಗರಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗಿರುವುದರಿಂದ ಹೈಬ್ರಿಡ್ ಬೀಜ ಮಾಡುವುದು ಕಷ್ಟ. ಪರಾಗವೇ ಹುಟ್ಟದ ತಾಯಿ ಗಿಡ ಬೇಕು. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಕೆ.ಬಿ. ಸಕ್ಸೇನಾ ಮತ್ತು ಜೊತೆಗಾರರು ಕಾಡುತೊಗರಿಯ ಒಂದು ಜಾತಿಯನ್ನು ನಾಡತೊಗರಿಯೊಂದಿಗೆ ಮತ್ತೆ ಮತ್ತೆ ಕೂಡಿಸಿ ಅಂಥ ಗಿಡ ಪಡೆದರು. ಅದರ ಕೋಶಕೇಂದ್ರ ನಾಡತೊಗರಿಯದು, ತಾಯಿಯಿಂದ ಬಂದ ಮೈಟೊಕಾಂಡ್ರಿಯ ಕಾಡಿನದು. ಎರಡಕ್ಕೂ ಹೊಂದಿಕೆಯಿಲ್ಲ. ಎಲೆ, ಬೇರು, ಕಾಯಿ ಎಲ್ಲ ಸರಿ. ಪರಾಗ ಕಟ್ಟುವಾಗ ಮಾತ್ರ ಸೋಲುತ್ತದೆ, ಏಕೆಂದರೆ ಗಿಡದ ಬಾಳಿನಲ್ಲಿ ಅತಿ ಹೆಚ್ಚು ಎಟಿಪಿ ಬೇಡುವ ಕೆಲಸಗಳಲ್ಲಿ ಅದೂ ಒಂದು. 2015ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಈ ಬಂಜೆತನಕ್ಕೆ ನಂಟಿರುವ ವಂಶವಾಹಿಯನ್ನು ಗುರುತಿಸಿದರು. ಅದರ ಹೆಸರು ಎನ್‌ಎಡಿ-7: ಸರಪಳಿಯ ಒಂದನೇ ಕಾಂಪ್ಲೆಕ್ಸಿನ ಒಂದು ಭಾಗವನ್ನು ತಯಾರಿಸುವ ಸೂಚನೆ.

ಇಂಥ ತಾಯಿಗೆ ಪರಾಗಶಕ್ತಿ ಮರಳಿಸುವ ತಂದೆ ತಳಿಯನ್ನು ಜೇನ್ನೊಣಗಳ ಕೈಲಿ ಕೂಡಿಸಿದರೆ ಹೈಬ್ರಿಡ್ ತೊಗರಿ. 2010ರಲ್ಲಿ ಮಧ್ಯಪ್ರದೇಶದಲ್ಲಿ ಐಸಿಪಿಎಚ್ 2671 ಎಂಬ ಹೈಬ್ರಿಡ್ ಬಿಡುಗಡೆಯಾಯಿತು. ಆದರೆ ಹೈಬ್ರಿಡ್ಡಿನ ಬೀಜವನ್ನು ಪ್ರತಿ ಹಂಗಾಮಿಗೂ ಹೊಸದಾಗಿ ತಯಾರಿಸಿ ಕೊಳ್ಳಬೇಕು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಟಿಎಸ್-3ಆರ್‌ನಂಥ ಶುದ್ಧ ತಳಿಯಾದರೆ, ಹೊಲದ ನಡುವಿನ ಒಳ್ಳೆಯ ಗಿಡಗಳನ್ನು ನೋಡಿಟ್ಟುಕೊಂಡು ಬೇರೆಯಾಗಿ ಬಡಿದು, ಮುಂದಿನ ಮಳೆಗೆ ಬೇಕಾದಷ್ಟು ಬೀಜವನ್ನು ರೈತ ಗಂಜ್ ಮಾರುಕಟ್ಟೆಗೆ ಮಾಲು ಸಾಗಿಸುವ ಮೊದಲೇ ಮನೆಯಲ್ಲಿ ಎತ್ತಿಟ್ಟುಕೊಳ್ಳಬಹುದು.